ಕಾಲೇಜು ಮಕ್ಕಳ ಪಾರ್ಟ್‌ಟೈಮ್ ಸಂಬಳ: ಬಿಪಿಎಲ್ ಕಾರ್ಡ್, ಗೃಹಲಕ್ಷ್ಮಿ, ಸ್ಕಾಲರ್‌ಶಿಪ್‌ಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಹೇಗೆ?

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದಂತೆ ಬಟ್ಟೆ ಅಂಗಡಿ, ಮೆಡಿಕಲ್ ಶಾಪ್, ಸೈಬರ್ ಸೆಂಟರ್, ಕ್ಯಾಟರಿಂಗ್ ಕಡೆ ಹುಡುಗರು, ಹುಡುಗಿಯರು ಕೆಲಸ ಕೇಳಿಕೊಂಡು ಹೋಗುತ್ತಾರೆ. ಕೆಲವರು ಕಾಲೇಜು ಶುರುವಾದ ಮೇಲೂ ಸಂಜೆ ಹೊತ್ತು ಮುಂದುವರಿಸುತ್ತಾರೆ. ಮನೆಯಲ್ಲಿ ಆಗ ಏಳುವ ಮೊದಲ ಪ್ರಶ್ನೆ: ಇವನು ದುಡಿಯೋಕೆ ಹೋದ್ರೆ ರೇಷನ್ ಕಾರ್ಡ್ ಹೋಗುತ್ತಾ? ಗೃಹಲಕ್ಷ್ಮಿ ದುಡ್ಡು ನಿಲ್ಲುತ್ತಾ? ಸ್ಕಾಲರ್‌ಶಿಪ್ ಕಟ್ ಆಗುತ್ತಾ?

ಒಂದೊಂದು ಯೋಜನೆ ಒಂದೊಂದು ರೀತಿ ಆದಾಯ ಲೆಕ್ಕ ಹಾಕುತ್ತದೆ. ಒಂದಕ್ಕೆ ಮನೆಮಂದಿಯ ಎಲ್ಲರ ದುಡಿಮೆ ಬೇಕು, ಇನ್ನೊಂದಕ್ಕೆ ಗಂಡ–ಹೆಂಡತಿಯದು ಮಾತ್ರ, ಮತ್ತೊಂದಕ್ಕೆ ಆದಾಯದ ಸುದ್ದಿಯೇ ಬೇಡ. ಇದು ಗೊತ್ತಿಲ್ಲದೆ ಹೆದರಿದ ಮನೆಯವರು ಮಗನ ಸಂಬಳವನ್ನು ಅಮ್ಮನ ಖಾತೆಗೆ ಹಾಕಿಸುತ್ತಾರೆ, ಮಗಳ ಆನ್‌ಲೈನ್ ವ್ಯಾಪಾರವನ್ನು ಅಮ್ಮನ ಹೆಸರಿನಲ್ಲಿ ನೋಂದಾಯಿಸುತ್ತಾರೆ. ತೊಂದರೆ ಹುಟ್ಟುವುದು ಅಲ್ಲಿಂದಲೇ. ತಿಂಗಳಿಗೆ ಎರಡು–ಮೂರು ಸಾವಿರ ಬಂದದ್ದಕ್ಕಿಂತ, ಆ ಹಣ ಯಾರ ಹೆಸರಿನಲ್ಲಿ ಬಂತು, ಯಾವ ದಾಖಲೆಯಲ್ಲಿ ಕೂತಿತು ಎಂಬುದೇ ಬಹಳ ಮನೆಗಳಲ್ಲಿ ಸೌಲಭ್ಯಕ್ಕೆ ಕುತ್ತು ತರುತ್ತದೆ. ಕರ್ನಾಟಕದ ಯೋಜನೆಗಳನ್ನು ಇಟ್ಟುಕೊಂಡು, ಕೆಲಸಕ್ಕೆ ಸೇರುವ ಮೊದಲಿನಿಂದ ಕಾರ್ಡ್ ರದ್ದಾದರೆ ಮಾಡಬೇಕಾದುದರವರೆಗೆ ಒಂದೊಂದಾಗಿ ನೋಡೋಣ.

ಹಂತ 1: ಮೊದಲು ವಯಸ್ಸು, ಆಮೇಲೆ ಕೆಲಸ

14 ತುಂಬದ ಮಕ್ಕಳನ್ನು ಯಾವ ಅಂಗಡಿ, ಹೋಟೆಲು, ಮನೆಗೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ಎರಡೇ ವಿನಾಯಿತಿ ಕೊಟ್ಟಿದೆ: ಅಪಾಯವಿಲ್ಲದ ಸ್ವಂತ ಕುಟುಂಬದ ಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸುವುದು, ಮತ್ತು ನಿಬಂಧನೆಗಳೊಂದಿಗೆ ಕಲಾವಿದರಾಗಿ ದುಡಿಯುವುದು. ಕಾನೂನು ಮೀರಿ ಕೆಲಸಕ್ಕಿಟ್ಟುಕೊಂಡ ಮಾಲೀಕರಿಗೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

14ರಿಂದ 18ರೊಳಗಿನವರು ಕೆಲಸ ಮಾಡಬಹುದು. ಗಣಿ, ಪಟಾಕಿ ಮತ್ತು ಸ್ಫೋಟಕ, ಬೆಂಕಿ ಹೊತ್ತುವ ವಸ್ತುಗಳು, ಅಪಾಯಕಾರಿ ಎಂದು ಪಟ್ಟಿ ಮಾಡಿದ ಪ್ರಕ್ರಿಯೆಗಳು ಮಾತ್ರ ನಿಷಿದ್ಧ. ಸಮಯಕ್ಕೂ ಕಟ್ಟುಪಾಡಿದೆ. ಒಂದೇ ಸಮನೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ನಡುವೆ ಕನಿಷ್ಠ 1 ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನಕ್ಕೆ 6 ಗಂಟೆ ದಾಟಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ, ಓವರ್‌ಟೈಮ್ ಇಲ್ಲ, ಒಂದೇ ದಿನ ಎರಡು ಕಡೆ ದುಡಿಯುವಂತಿಲ್ಲ, ವಾರಕ್ಕೊಂದು ರಜೆ ಕಡ್ಡಾಯ. ಹೀಗಾಗಿ 17 ವರ್ಷದ ಹುಡುಗ ಮದುವೆ ಮನೆಯ ಮಧ್ಯಾಹ್ನದ ಊಟ ಬಡಿಸಬಹುದು. ರಾತ್ರಿ ರಿಸೆಪ್ಷನ್‌ಗೆ ನಿಲ್ಲಿಸಿದರೆ ಅದು ಕಾನೂನುಬಾಹಿರ. ಕ್ಯಾಟರಿಂಗ್‌ನವರು ಇದನ್ನು ಹೇಳುವುದಿಲ್ಲ; ಮನೆಯವರೇ ಕೇಳಬೇಕು.

ಇದಕ್ಕೂ ಸರ್ಕಾರಿ ಸೌಲಭ್ಯಕ್ಕೂ ಏನು ಸಂಬಂಧ? ಕಾನೂನುಬಾಹಿರ ಕೆಲಸಕ್ಕೆ ಸರಿಯಾದ ದಾಖಲೆ ಇರುವುದಿಲ್ಲ. ಹದಿಹರೆಯದವರನ್ನು ಇಟ್ಟುಕೊಂಡ ಮಾಲೀಕ ಅವರ ಹೆಸರು, ಹುಟ್ಟಿದ ದಿನಾಂಕ, ಕೆಲಸದ ಅವಧಿ ಬರೆದ ರಿಜಿಸ್ಟರ್ ಇಡಬೇಕು. ಮಗ ಎಷ್ಟು ತಿಂಗಳು ದುಡಿದ, ಎಷ್ಟು ಬಂತು ಎಂದು ನಾಳೆ ನಾಡಕಚೇರಿಯಲ್ಲೋ ಆಹಾರ ಇಲಾಖೆಯಲ್ಲೋ ತೋರಿಸಬೇಕಾಗಿ ಬಂದರೆ ಆಸರೆಯಾಗುವುದು ಅದೇ. ದಾಖಲೆ ಇಲ್ಲದಿದ್ದರೆ ಎರಡು ತಿಂಗಳ ರಜೆಯ ದುಡಿಮೆಯನ್ನು ಇಡೀ ವರ್ಷದ್ದೆಂದು ಬರೆದುಕೊಂಡರೂ ಅಲ್ಲವೆನ್ನಲು ಕೈಯಲ್ಲಿ ಏನೂ ಇರುವುದಿಲ್ಲ.

ಡೆಲಿವರಿ ಕೆಲಸದ ಬಗ್ಗೆ ಗಟ್ಟಿಯಾಗಿ ಹೇಳಬೇಕು. 18 ತುಂಬದವರಿಗೆ ಗೇರ್ ಇರುವ ಬೈಕಿನ ಲೈಸೆನ್ಸ್ ಸಿಗುವುದಿಲ್ಲ. 16 ತುಂಬಿದವರಿಗೆ ಸಿಗುವುದು 50 ಸಿಸಿ ಒಳಗಿನ ಗೇರ್‌ಲೆಸ್ ವಾಹನಕ್ಕೆ ಮಾತ್ರ. ಅಪ್ಪನ ಐಡಿಯಲ್ಲಿ ಮಗ ಡೆಲಿವರಿಗೆ ಹೋಗುವುದನ್ನು ಊರೂರಲ್ಲಿ ಕಾಣುತ್ತೇವೆ. ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು. ಅದರ ಜೊತೆಗೆ, ಮಗನ ದುಡಿಮೆಯೆಲ್ಲ ಅಪ್ಪನ ಪ್ಯಾನ್ ಸಂಖ್ಯೆಯಡಿ ಅಪ್ಪನ ಆದಾಯವಾಗಿ ದಾಖಲಾಗುತ್ತದೆ. ಮುಂದೆ ಹೇಳುವ ಹಲವು ಯೋಜನೆಗಳು ನೋಡುವುದು ಅಪ್ಪ–ಅಮ್ಮನ ಆದಾಯವನ್ನೇ.

ಹಂತ 2: ನಿಮ್ಮ ಮನೆಗೆ ಬರುವ ಸೌಲಭ್ಯಗಳನ್ನು ಬರೆಯಿರಿ, ಪ್ರತಿಯೊಂದೂ ಯಾರ ಆದಾಯ ನೋಡುತ್ತದೆ ಎಂದು ಗುರುತು ಹಾಕಿ

ಮೊದಲು ಚಿಂತೆಯೇ ಬೇಡವಾದವು. ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣಕ್ಕೆ ಆದಾಯದ ಮಿತಿ ಇಲ್ಲ. ಗೃಹಜ್ಯೋತಿ ನೋಡುವುದು ಕರೆಂಟ್ ಬಳಕೆಯನ್ನು. 200 ಯೂನಿಟ್‌ನ ಗರಿಷ್ಠ ಮಿತಿ, ಅದರೊಳಗೆ ನಿಮ್ಮ ಮನೆಯ ಹಿಂದಿನ ಸರಾಸರಿಯ ಆಧಾರದ ಮೇಲೆ ಇನ್ನೊಂದು ಮಿತಿ. ಮಗಳು ಮನೆಯಲ್ಲೇ ಹೊಲಿಗೆ ಯಂತ್ರ, ಕಂಪ್ಯೂಟರ್ ಇಟ್ಟುಕೊಂಡು ದುಡಿಯತೊಡಗಿ ಬಳಕೆ ಏರಿದರೆ ಬಿಲ್ ಬರಬಹುದು. ಅದು ಯೂನಿಟ್ಟಿನ ಲೆಕ್ಕ, ಸಂಬಳಕ್ಕೂ ಅದಕ್ಕೂ ನಂಟಿಲ್ಲ.

ಗೃಹಲಕ್ಷ್ಮಿ: ತಿಂಗಳಿಗೆ 2,000 ರೂಪಾಯಿ, ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವ ಮಹಿಳೆಗೆ. ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಕಾರ್ಡಿನವರಿಗೆ ಇದು ಸಲ್ಲುತ್ತದೆ. ತಪ್ಪುವುದು ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದರೆ. ನಿಯಮದಲ್ಲಿ ಮಕ್ಕಳ ಹೆಸರಿಲ್ಲ. ಹಾಗಾಗಿ ಮಗಳು ತನ್ನ ಹೆಸರಿನಲ್ಲಿ, ತನ್ನ ಖಾತೆಗೆ ಸಂಬಳ ಪಡೆದರೆ ಅಮ್ಮನ ಗೃಹಲಕ್ಷ್ಮಿಗೆ ಅದರಿಂದ ಧಕ್ಕೆಯಿಲ್ಲ. ಇದನ್ನು ಮನೆಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಿ, ಯಾಕೆಂದರೆ ಅತಿ ಹೆಚ್ಚು ಹೆದರಿಕೆ ಇರುವುದು ಇದರ ಬಗ್ಗೆಯೇ.

ಬಿಪಿಎಲ್ ಕಾರ್ಡಿನ ಕಥೆ ಬೇರೆ. ಇಲ್ಲಿ ಇಡೀ ಕುಟುಂಬದ ಆದಾಯ ಲೆಕ್ಕಕ್ಕೆ ಬರುತ್ತದೆ, ಮಿತಿ ವರ್ಷಕ್ಕೆ 1.20 ಲಕ್ಷ. ಅದರ ಜೊತೆ ಆದಾಯ ತೆರಿಗೆ ಕಟ್ಟುವವರು, ಕಾಯಂ ಸರ್ಕಾರಿ ನೌಕರರು ಇರುವ ಮನೆ, 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು, ನಗರದಲ್ಲಿ 1,000 ಚದರಡಿಗಿಂತ ದೊಡ್ಡ ಪಕ್ಕಾ ಮನೆ, ಜೀವನೋಪಾಯಕ್ಕೆ ಓಡಿಸುವ ಒಂದು ಗಾಡಿ ಬಿಟ್ಟು ಸ್ವಂತ ಕಾರು, ಇವು ಹೊರಗಿಡುವ ಮಾನದಂಡಗಳು. 1.20 ಲಕ್ಷವೆಂದರೆ ತಿಂಗಳಿಗೆ ಹತ್ತು ಸಾವಿರ. ದಿನಕ್ಕೆ 700 ರೂಪಾಯಿ ಕೂಲಿಯಲ್ಲಿ ತಿಂಗಳಿಗೆ 20 ದಿನ ಗಾರೆ ಕೆಲಸ ಮಾಡುವವನ ವರ್ಷದ ಗಳಿಕೆಯೇ 1.68 ಲಕ್ಷವಾಗುತ್ತದೆ. ಇಂದಿನ ಬೆಲೆಗಳಲ್ಲಿ ಈ ಮಿತಿ ತೀರಾ ಕಡಿಮೆ ಎಂಬುದರಲ್ಲಿ ಅನುಮಾನವಿಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಬದಲಿಸಿದಾಗ ದೊಡ್ಡ ಗದ್ದಲವಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುವಂತೆ ಸರ್ಕಾರ ಹೇಳಿದ್ದೂ ಇದೇ ಹಿನ್ನೆಲೆಯಲ್ಲಿ. ಆದರೂ ಮಿತಿ ಕಾಗದದ ಮೇಲೆ ಹಾಗೆಯೇ ಇದೆ.

ಬಿಪಿಎಲ್ ಕಾರ್ಡ್ ಎಂದರೆ ಅಕ್ಕಿಯೊಂದೇ ಅಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಮನೆಯಲ್ಲಿ ಡಯಾಲಿಸಿಸ್, ಹೃದಯದ ಕಾಯಿಲೆ, ಕ್ಯಾನ್ಸರ್ ಇರುವವರಿದ್ದರೆ ಈ ಒಂದು ಸಾಲಿನ ತೂಕ ಮಗನ ವರ್ಷದ ಸಂಬಳಕ್ಕಿಂತ ಹೆಚ್ಚು. ಅಂಥ ಮನೆಯವರು ಮುಂದಿನ ಹಂತದ ಲೆಕ್ಕವನ್ನು ಎರಡು ಸಲ ಹಾಕಬೇಕು.

ಸ್ಕಾಲರ್‌ಶಿಪ್: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿವೇತನಕ್ಕೆ ಮಿತಿ 2.5 ಲಕ್ಷ, ನೋಡುವುದು ತಂದೆ–ತಾಯಿಯ ಆದಾಯ. ಪಾಲಕರು ಬದುಕಿರುವಾಗ ಮನೆಯ ಬೇರೆಯವರ ದುಡಿಮೆ ಸೇರಿಸುವುದಿಲ್ಲ. ಆದರೆ ವಿದ್ಯಾರ್ಥಿಯೇ ಪೂರ್ಣಾವಧಿ ನೌಕರಿಯಲ್ಲಿದ್ದರೆ ಅರ್ಹತೆಗೆ ತೊಂದರೆಯಾಗಬಹುದು. ಅಂಗಡಿಯವರು ಬರೆದುಕೊಡುವ ಪತ್ರದಲ್ಲಿ 'ಅರೆಕಾಲಿಕ' ಎಂಬ ಪದ ಮತ್ತು ಗಂಟೆಗಳು ಇರಲಿ. 9ರಿಂದ 12ನೇ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ವರ್ಷಕ್ಕೆ 12,000, ಪಾಲಕರ ಆದಾಯ 3.5 ಲಕ್ಷ ಮೀರಬಾರದು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ, ಆದಾಯವನ್ನು ಎತ್ತಿಕೊಳ್ಳುವುದು ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ನಂಬರಿನಿಂದ. ಆ ಪತ್ರದಲ್ಲಿ ಎಷ್ಟು ಎಂದಿದೆಯೋ ಅದೇ ಅಂತಿಮ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗಕ್ಕೊಂದು ಮಿತಿ ಇರುವುದರಿಂದ ಅರ್ಜಿ ಹಾಕುವ ವರ್ಷದ ಅಧಿಸೂಚನೆ ನೋಡಿಕೊಳ್ಳಿ.

ಸ್ಕಾಲರ್‌ಶಿಪ್ ತಪ್ಪಿಸುವ ಇನ್ನೊಂದು ದಾರಿ ಹಾಜರಾತಿ. ಪಿಯುಸಿಯಲ್ಲಿ ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಬೆಳಗಿನ ಪಾಳಿಯ ಕೆಲಸ ಹಿಡಿದು ಮೊದಲೆರಡು ಪೀರಿಯಡ್ ತಪ್ಪಿಸಿಕೊಳ್ಳುವ ಮಕ್ಕಳು ಆದಾಯದ ಯಾವ ಮಿತಿ ಮೀರದೆಯೂ ವಿದ್ಯಾರ್ಥಿವೇತನ ಕಳೆದುಕೊಳ್ಳುತ್ತಾರೆ.

ಬೇರೆ ಮೀಸಲಾತಿ ಇಲ್ಲದ ಬಡ ಕುಟುಂಬಗಳಿಗೆ ಕೊಡುವ ಇಡಬ್ಲ್ಯುಎಸ್ ಪ್ರಮಾಣಪತ್ರ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿಯಿಂದ ಸ್ಥಿತಿವಂತರನ್ನು ಹೊರಗಿಡುವ ಕೇಂದ್ರದ ಒಬಿಸಿ ಕೆನೆಪದರ, ಈ ಎರಡನ್ನು ಒಂದೇ ಎಂದುಕೊಳ್ಳುವವರು ಬಹಳ. ಇಡಬ್ಲ್ಯುಎಸ್‌ನಲ್ಲಿ ಅರ್ಜಿದಾರರು, ತಂದೆ–ತಾಯಿ, 18ರೊಳಗಿನ ಅಣ್ಣತಮ್ಮ–ಅಕ್ಕತಂಗಿಯರು ಸೇರಿ ಕುಟುಂಬ. ಎಲ್ಲ ಮೂಲದ ಆದಾಯ ಕೂಡಿ 8 ಲಕ್ಷದೊಳಗಿರಬೇಕು. ಇಲ್ಲಿ ವಿದ್ಯಾರ್ಥಿಯ ಸಂಬಳವೂ, 16ರ ತಂಗಿಯ ಸಂಬಳವೂ ಸೇರುತ್ತದೆ. ಕೆನೆಪದರದಲ್ಲಿ ತಂದೆ–ತಾಯಿಯ ಸ್ಥಾನಮಾನ ಮಾತ್ರ. ವಿದ್ಯಾರ್ಥಿಯ ಸ್ವಂತ ಗಳಿಕೆ ಸೇರುವುದಿಲ್ಲ.

ಯುವನಿಧಿ ಹದಿಹರೆಯದವರಿಗೆ ಸಂಬಂಧವಿಲ್ಲ ಎನಿಸಬಹುದು. ಎಸ್ಸೆಸ್ಸೆಲ್ಸಿ ನಂತರ ನೇರವಾಗಿ ಡಿಪ್ಲೊಮಾ ಮುಗಿಸಿದವರು 18–19ಕ್ಕೇ ಅರ್ಹರಾಗುತ್ತಾರೆ. ಉತ್ತೀರ್ಣರಾಗಿ 180 ದಿನ ಕೆಲಸ ಸಿಗದಿದ್ದರೆ ಡಿಪ್ಲೊಮಾದವರಿಗೆ ತಿಂಗಳಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. ಇದು ನಿರುದ್ಯೋಗ ಭತ್ಯೆ; ನೌಕರಿಯಲ್ಲಿದ್ದವರಿಗೆ, ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೆ, ಓದು ಮುಂದುವರಿಸಿದವರಿಗೆ ಇಲ್ಲ. ಕೆಲಸವಿಲ್ಲ ಎಂದು ಸ್ವಯಂ ಘೋಷಣೆ ಕೊಡುತ್ತಾ ಇರಬೇಕು. ಪಿಎಫ್ ಕಡಿಯುವ ಕಡೆ ಸೇರಿ, ಇಲ್ಲಿ 'ಕೆಲಸವಿಲ್ಲ' ಎಂದು ಒತ್ತಿದರೆ ಆಧಾರ್ ಮೂಲಕ ಸಿಕ್ಕಿಬೀಳುವುದು ಸುಲಭ. ಕೆಲಸ ಸಿಕ್ಕ ತಿಂಗಳೇ ಘೋಷಣೆ ನಿಲ್ಲಿಸಿ.

ಉದ್ಯೋಗ ಖಾತ್ರಿಯಲ್ಲಿ ದಿನಗಳ ಲೆಕ್ಕ ಕುಟುಂಬಕ್ಕೆ. 18 ತುಂಬಿದ ಮಗ ರಜೆಯಲ್ಲಿ ಕೆಲಸಕ್ಕೆ ಇಳಿದರೆ ಅವನು ಮಾಡಿದಷ್ಟು ದಿನ ಅಪ್ಪ–ಅಮ್ಮನ ಪಾಲಿನಿಂದ ಕಡಿಮೆಯಾಗುತ್ತದೆ. ಯಾರು ಎಷ್ಟು ದಿನ ಎಂಬುದನ್ನು ವರ್ಷದ ಆರಂಭದಲ್ಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಹಂತ 3: ಕಾಗದ ಹಿಡಿದು ವರ್ಷದ ಲೆಕ್ಕ ಹಾಕಿ

ತಿಂಗಳ ಸಂಬಳವನ್ನು ಕಣ್ಣುಮುಚ್ಚಿ 12ರಿಂದ ಗುಣಿಸಬೇಡಿ. ನಿಜವಾಗಿ ದುಡಿಯುವ ತಿಂಗಳುಗಳಿಂದ ಗುಣಿಸಿ. ಅಪ್ಪ–ಅಮ್ಮನ ಗಳಿಕೆ ತಿಂಗಳಿಗೆ 8,000 ಎಂದಿಟ್ಟುಕೊಳ್ಳೋಣ, ವರ್ಷಕ್ಕೆ 96,000. ಮಗ ಬೇಸಿಗೆ ರಜೆಯಲ್ಲಿ ಎರಡು ತಿಂಗಳು, ತಿಂಗಳಿಗೆ 4,000ದಂತೆ ದುಡಿದರೆ 8,000 ಸೇರಿ ಒಟ್ಟು 1,04,000. ಬಿಪಿಎಲ್ ಮಿತಿಯೊಳಗೇ ಇದೆ. ಅದೇ ಮಗ ವರ್ಷಪೂರ್ತಿ ಸಂಜೆ ಕೆಲಸಕ್ಕೆ ತಿಂಗಳಿಗೆ 3,000 ತೆಗೆದುಕೊಂಡರೆ 36,000 ಸೇರಿ 1,32,000, ಮಿತಿ ದಾಟಿತು. ತಿಂಗಳ ಸಂಬಳ ಕಡಿಮೆ ಇರುವ ಕೆಲಸವೇ ಕಾರ್ಡಿಗೆ ಭಾರವಾಯಿತು, ಗಮನಿಸಿ. ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ರಜೆಯ ಕೆಲಸ ಹೆಚ್ಚು ಹೊಂದುತ್ತದೆ. ಓದಿಗೂ ಅದೇ ಒಳ್ಳೆಯದು.

ಇದೇ ಮನೆಗೆ ಉಳಿದ ಸೌಲಭ್ಯಗಳನ್ನು ಹಚ್ಚಿ ನೋಡಿ. 1,32,000 ಆದರೂ ಗೃಹಲಕ್ಷ್ಮಿ ಹೋಗುವುದಿಲ್ಲ, ಗೃಹಜ್ಯೋತಿ ಹೋಗುವುದಿಲ್ಲ, ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪಾಲಕರ 96,000 ಮಾತ್ರ ಲೆಕ್ಕ. ಅಪಾಯದಲ್ಲಿರುವುದು ಬಿಪಿಎಲ್ ಕಾರ್ಡ್ ಮತ್ತು ಅದರ ಜೊತೆಗೆ ಬರುವ ಆಸ್ಪತ್ರೆಯ ನೆರವು.

ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಮಾನ್ಯತೆ ಇದೆ. ಮಗ ಈ ತಿಂಗಳು ಕೆಲಸಕ್ಕೆ ಸೇರಿದ ಮಾತ್ರಕ್ಕೆ ಈಗಿರುವ ಪತ್ರ ರದ್ದಾಗುವುದಿಲ್ಲ. ಅವಧಿ ಮುಗಿದು ಹೊಸದಕ್ಕೆ ಅರ್ಜಿ ಹಾಕುವಾಗ ಅಂದಿನ ನಿಜ ಹೇಳಬೇಕು. ಗ್ರಾಮ ಆಡಳಿತಾಧಿಕಾರಿ ಸ್ಥಳ ಪರಿಶೀಲನೆಗೆ ಬಂದಾಗ "ಮಗ ಅಂಗಡೀಲಿ ಇದಾನೆ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಎಷ್ಟು ತಿಂಗಳು, ಎಷ್ಟು ಸಂಬಳ ಎಂದು ಚೀಟಿ ಸಮೇತ ಹೇಳಿ. ಇಲ್ಲದಿದ್ದರೆ ಅವರು ಅಂದಾಜಿನಲ್ಲಿ ಬರೆಯುತ್ತಾರೆ, ಅಂದಾಜು ಸಾಮಾನ್ಯವಾಗಿ ಮೇಲಕ್ಕೇ ಹೋಗುತ್ತದೆ. ಪತ್ರ ಕೈಗೆ ಬಂದ ದಿನವೇ ಆದಾಯದ ಅಂಕಿ, ಹೆಸರಿನ ಕಾಗುಣಿತ ಓದಿ ನೋಡಿ. ಎಸ್‌ಎಸ್‌ಪಿ ಅರ್ಜಿಯ ಕೊನೆಯ ದಿನ ತಪ್ಪು ಕಂಡರೆ ತಿದ್ದಿಸಲು ಸಮಯವೇ ಇರುವುದಿಲ್ಲ.

ಮಗನ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಿಬಿಟ್ಟರೆ ಅವನ ಆದಾಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅದನ್ನು ಕೇಳಬೇಡಿ. ಒಂದೇ ಸೂರಿನಡಿ ಇದ್ದು ಒಂದೇ ಒಲೆಯಲ್ಲಿ ಉಣ್ಣುವ ಮಗ ಕುಟುಂಬದವನೇ. ಹೆಸರು ತೆಗೆಸಿದ ತಿಂಗಳಿಂದ ಅವನ ಪಾಲಿನ ಅಕ್ಕಿ ನಿಲ್ಲುತ್ತದೆ, ಆರೋಗ್ಯ ಯೋಜನೆಯಲ್ಲೂ ಅವನು ಹೊರಗುಳಿಯುತ್ತಾನೆ, ಮತ್ತೆ ಸೇರಿಸಲು ತಿದ್ದುಪಡಿಯ ಅವಕಾಶ ತೆರೆಯುವವರೆಗೆ ಕಾಯಬೇಕು.

ಹಂತ 4: ಹಣ ಯಾರ ಖಾತೆಗೆ?

ಉತ್ತರ ಒಂದೇ: ದುಡಿದವರ ಖಾತೆಗೆ. 10 ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆ ತೆರೆಯಬಹುದು. ಎಷ್ಟು ಹಣ, ಯಾವ ಸೌಲಭ್ಯ ಎಂಬ ಮಿತಿಯನ್ನು ಬ್ಯಾಂಕ್ ಹಾಕುತ್ತದೆ.

ಇಲ್ಲೊಂದು ಗುಂಡಿ ಇದೆ, ಬಹಳ ವಿದ್ಯಾರ್ಥಿಗಳು ಬೀಳುವುದು ಇದಕ್ಕೇ. ಸ್ಕಾಲರ್‌ಶಿಪ್ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಜೋಡಣೆಯಾದ ಖಾತೆಗೆ. ಒಂದು ಆಧಾರ್‌ಗೆ ಒಂದೇ ಖಾತೆ ಜೋಡಣೆಯಾಗಿರುತ್ತದೆ, ಕೊನೆಗೆ ಜೋಡಿಸಿದ್ದೇ ಊರ್ಜಿತ. ಅಂಗಡಿಯವರು ಸಂಬಳಕ್ಕೆಂದು ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಸುವಾಗ ಫಾರಂನಲ್ಲಿ 'ಸರ್ಕಾರಿ ಸಹಾಯಧನ ಈ ಖಾತೆಗೆ ಬರಲಿ' ಎಂಬ ಕಡೆ ಟಿಕ್ ಹಾಕಿದರೆ ಮುಂದಿನ ವಿದ್ಯಾರ್ಥಿವೇತನ ಅಲ್ಲಿಗೆ ಹೋಗುತ್ತದೆ. ಕೆಲಸ ಬಿಟ್ಟ ಮೇಲೆ ಆ ಖಾತೆ ನಿಷ್ಕ್ರಿಯವಾಗಿದ್ದರೆ ಹಣ ವಾಪಸ್. ಈಗಿರುವ ಖಾತೆಯಲ್ಲೇ ಸಂಬಳ ಪಡೆಯುವುದು ಸುಲಭದ ದಾರಿ. ಹೊಸದು ತೆರೆಯಲೇಬೇಕಾದರೆ ಆ ಟಿಕ್ ಹಾಕಬೇಡಿ, ವಾರದ ನಂತರ ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ನೋಡಿ. 18 ತುಂಬಿದಾಗ ಮೈನರ್ ಖಾತೆಯನ್ನು ಬದಲಾಯಿಸಿಕೊಳ್ಳದಿದ್ದರೂ ವ್ಯವಹಾರ ನಿಲ್ಲುತ್ತದೆ. ಹುಟ್ಟುಹಬ್ಬ ಕಳೆದ ವಾರವೇ ಆಧಾರ್, ಫೋಟೋ ಹಿಡಿದು ಬ್ಯಾಂಕಿಗೆ ಹೋಗಿ. ಪ್ಯಾನ್ ಕಾರ್ಡಿಗೂ ಫೋಟೋ, ಸಹಿ ಸೇರಿಸಲು ಅರ್ಜಿ ಹಾಕಿ.

ಅಮ್ಮನ ಫೋನ್‌ಪೇಗೆ ಮಗಳ ಟ್ಯೂಷನ್ ಫೀಸು, ಮೆಹಂದಿ ದುಡ್ಡು, ಕೇಕ್ ಆರ್ಡರ್ ಹಣ ಬರುವುದು ಸಾಮಾನ್ಯ. ಸಣ್ಣ ಮೊತ್ತಕ್ಕೆ ತೊಂದರೆ ಆಗಲಿಕ್ಕಿಲ್ಲ, ಆದರೂ ಅಮ್ಮನ ಪಾಸ್‌ಬುಕ್ಕಿನಲ್ಲಿ ಅದು ಅಮ್ಮನ ಆದಾಯದಂತೆ ಕಾಣುತ್ತದೆ. ಗೃಹಲಕ್ಷ್ಮಿ, ಸ್ಕಾಲರ್‌ಶಿಪ್ ಎರಡೂ ನೋಡುವುದು ಅವರ ಕಡೆಗೇ. ವಿಧವಾ ವೇತನ ಪಡೆಯುವ ತಾಯಿಯ ಖಾತೆಯಂತೂ ಇದಕ್ಕೆ ಬೇಡವೇ ಬೇಡ. ಆ ಪಿಂಚಣಿಯ ಆದಾಯ ಮಿತಿ ಬಿಪಿಎಲ್ ಮಿತಿಗಿಂತಲೂ ಬಹಳ ಕೆಳಗಿದೆ.

ಎಲ್ಲಕ್ಕಿಂತ ದುಬಾರಿ ತಪ್ಪು ಜಿಎಸ್‌ಟಿ. ಮಗಳು ಸೀರೆ ಕುಚ್ಚು, ಟೆರಾಕೋಟ ಓಲೆ ಮಾಡಿ ಆನ್‌ಲೈನಿನಲ್ಲಿ ಮಾರಲು ಹೊರಡುತ್ತಾಳೆ. 18 ಆಗಿಲ್ಲವೆಂದು ಅಮ್ಮನ ಹೆಸರಿನಲ್ಲಿ ಜಿಎಸ್‌ಟಿ ನಂಬರ್ ಮಾಡಿಸುತ್ತಾರೆ. ವ್ಯಾಪಾರ ಸೊನ್ನೆಯಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ರಿಟರ್ನ್ ಸಲ್ಲಿಸುವ ಯಜಮಾನಿ ಗೃಹಲಕ್ಷ್ಮಿಗೆ ಅನರ್ಹಳು. ತಿಂಗಳಿಗೆ 1,000 ರೂಪಾಯಿ ಲಾಭದ ವ್ಯಾಪಾರಕ್ಕೆ 2,000 ಕೈಬಿಟ್ಟ ಹಾಗಾಯಿತು. ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. 2023ರ ಅಕ್ಟೋಬರ್‌ನಿಂದ ರಾಜ್ಯದೊಳಗೆ ಮಾತ್ರ ಸಾಮಾನು ಕಳಿಸುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿಯಿಲ್ಲದೆ, ಬರೀ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಶಾಪಿಂಗ್ ತಾಣಗಳಲ್ಲಿ ಮಾರಬಹುದು. ಈಗಾಗಲೇ ನಂಬರ್ ಮಾಡಿಸಿದ್ದರೆ ಬಾಕಿ ರಿಟರ್ನ್ ಎಲ್ಲ ಸಲ್ಲಿಸಿ, ರದ್ದತಿಗೆ ಅರ್ಜಿ ಹಾಕಿ, ರದ್ದಾದ ಆದೇಶದ ಪ್ರತಿ ಜೋಪಾನವಾಗಿಡಿ.

ಹಂತ 5: ಪಿಎಫ್, ಇಎಸ್‌ಐ, ಟಿಡಿಎಸ್

20 ಮತ್ತು ಹೆಚ್ಚು ಜನ ಕೆಲಸ ಮಾಡುವಲ್ಲಿ ಪಿಎಫ್, 10 ಮತ್ತು ಹೆಚ್ಚು ಇರುವಲ್ಲಿ ಇಎಸ್‌ಐ, ಅಂದರೆ ನೌಕರರ ವಿಮೆ, ಅನ್ವಯಿಸುತ್ತದೆ. ಪಾರ್ಟ್‌ಟೈಮ್ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಇಎಸ್‌ಐಗೆ ನೌಕರನ ಪಾಲು ಶೇ 0.75, ಮಾಲೀಕನದು ಶೇ 3.25. ದಿನದ ಸರಾಸರಿ ಕೂಲಿ 176 ರೂಪಾಯಿಯೊಳಗಿದ್ದರೆ ನೌಕರನ ಪಾಲು ಕಡಿಯುವಂತಿಲ್ಲ, ಮಾಲೀಕ ಮಾತ್ರ ಕಟ್ಟಬೇಕು. ತಿಂಗಳಿಗೆ 26 ದಿನ ಸಂಜೆ ಕೆಲಸಕ್ಕೆ 3,000 ಪಡೆಯುವ ಹುಡುಗನಿಗೆ ದಿನಕ್ಕೆ ಸುಮಾರು 115 ಬೀಳುತ್ತದೆ; ಅವನ ಸಂಬಳದಲ್ಲಿ ಇಎಸ್‌ಐ ಕಡಿದಿದ್ದರೆ ಕೇಳಿ. ಪಿಎಫ್ ಖಾತೆ ಇರುವುದರಿಂದಲೇ ಬಿಪಿಎಲ್ ಕಾರ್ಡ್ ಹೋಗಬೇಕೆಂಬ ನಿಯಮ ಇಲ್ಲ. ಹೆದರಿ ಪಿಎಫ್ ಬೇಡವೆನ್ನಬೇಡಿ. ಅದು ಮಗನ ಹಣ. ಅಸಂಘಟಿತ ಕಾರ್ಮಿಕರ ಇ–ಶ್ರಮ್ ನೋಂದಣಿ 16ರಿಂದಲೇ ಸಾಧ್ಯ, ಆದರೆ ಅದು ಪಿಎಫ್, ಇಎಸ್‌ಐ ಇಲ್ಲದವರಿಗೆ.

ಇನ್ನು ತೆರಿಗೆ. ಅಪ್ರಾಪ್ತರ ಆದಾಯವನ್ನು ಸಾಮಾನ್ಯವಾಗಿ ಪಾಲಕರ ಆದಾಯಕ್ಕೆ ಸೇರಿಸಲಾಗುತ್ತದೆ. ಆದರೆ ಮಕ್ಕಳು ತಮ್ಮ ಮೈದುಡಿಮೆಯಿಂದ, ಕೌಶಲ ಅಥವಾ ಪ್ರತಿಭೆಯಿಂದ ಗಳಿಸಿದ್ದು ಅವರದೇ. ಅಪ್ಪನ ಆದಾಯಕ್ಕೆ ಸೇರುವುದಿಲ್ಲ. ಸಂಬಳ ಕೂಡಿಟ್ಟು ಎಫ್‌ಡಿ ಮಾಡಿದರೆ ಅದರ ಬಡ್ಡಿ ಮಾತ್ರ ಅಪ್ಪ–ಅಮ್ಮಂದಿರಲ್ಲಿ ಹೆಚ್ಚು ಆದಾಯವಿರುವವರಿಗೆ ಸೇರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ 4 ಲಕ್ಷದವರೆಗೆ ತೆರಿಗೆಯೇ ಇಲ್ಲದಿರುವುದರಿಂದ ಪಾರ್ಟ್‌ಟೈಮ್ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ.

ಬೀಳುವುದು ಟಿಡಿಎಸ್, ಅಂದರೆ ಹಣ ಕೊಡುವವರೇ ಮುಂಚಿತವಾಗಿ ಕಡಿದುಕೊಳ್ಳುವ ತೆರಿಗೆ. ವಿಡಿಯೋ ಎಡಿಟಿಂಗ್, ಡಿಸೈನ್‌ನಂಥ ವೃತ್ತಿಪರ ಸೇವೆಗೆ ಒಂದು ಕಂಪನಿ ವರ್ಷಕ್ಕೆ 50,000ಕ್ಕಿಂತ ಹೆಚ್ಚು ಕೊಟ್ಟರೆ ಶೇ 10 ಕಡಿಯುತ್ತದೆ, ಪ್ಯಾನ್ ಕೊಡದಿದ್ದರೆ ಶೇ 20. ಕೊಡಬೇಕಾದದ್ದು ಮಗನ ಪ್ಯಾನ್. 18ರೊಳಗಿನವರಿಗೂ ಪ್ಯಾನ್ ಸಿಗುತ್ತದೆ. ಕಡಿದ ಹಣ ವಾಪಸ್ ಬೇಕೆಂದರೆ ಮಗನ ಹೆಸರಿನಲ್ಲಿ ರಿಟರ್ನ್ ಸಲ್ಲಿಸಬೇಕು. ರಿಟರ್ನ್ ಸಲ್ಲಿಸುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ. ಕಾರ್ಡಿನ ನಿಯಮ ಹೇಳುವುದು ತೆರಿಗೆ ಕಟ್ಟುವವರ ಬಗ್ಗೆ. ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುವಾಗ ಈ ವ್ಯತ್ಯಾಸ ಅಳಿಸಿಹೋಗುವುದುಂಟು. ಆದ್ದರಿಂದ ರಿಟರ್ನ್ ಸ್ವೀಕೃತಿ ಮತ್ತು ಆಮೇಲೆ ಇಮೇಲಿಗೆ ಬರುವ, ತೆರಿಗೆ ಸೊನ್ನೆ ಎಂದು ತೋರಿಸುವ ಇಂಟಿಮೇಷನ್ ಆದೇಶ, ಎರಡನ್ನೂ ಪ್ರಿಂಟ್ ತೆಗೆದು ಇಡಿ.

ಹಂತ 6: ಕಾರ್ಡ್ ರದ್ದಾಯಿತು ಅಥವಾ ಹಣ ನಿಂತಿತು, ಈಗ?

ಮೊದಲು ಕಾರಣ ತಿಳಿಯಿರಿ. ನ್ಯಾಯಬೆಲೆ ಅಂಗಡಿಯವರ ಬಾಯಿಮಾತಿನ ಮೇಲೆ ತೀರ್ಮಾನಕ್ಕೆ ಬರಬೇಡಿ. ಇ–ಕೆವೈಸಿ ಆಗದಿರುವುದು, ಆಧಾರ್ ಹೆಸರು ತಾಳೆಯಾಗದಿರುವುದು, ಆಧಾರ್ ಜೋಡಣೆ ಬೇರೆ ಖಾತೆಗೆ ಹೋಗಿರುವುದು, ಇವೂ ಕಾರಣವಾಗಿರಬಹುದು. ಮಗನ ಕೆಲಸವೇ ಕಾರಣವೆಂದು ಅವನನ್ನು ಬಿಡಿಸಿ ಕೂರಿಸುವ ಮುನ್ನ ನೋಡಿ. ಆಹಾರ ಇಲಾಖೆಯ ಸಹಾಯವಾಣಿ 1967. ಗೃಹಲಕ್ಷ್ಮಿಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿ, ಅಂದರೆ ಸಿಡಿಪಿಒ.

ಬಿಪಿಎಲ್ ಕಾರ್ಡಿನ ಆಕ್ಷೇಪಣೆಯನ್ನು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರಹದಲ್ಲಿ ಕೊಡಿ. ಒಂದು ಪುಟ ಸಾಕು: ಕಾರ್ಡ್ ಸಂಖ್ಯೆ, ಮನೆಯವರ ಹೆಸರು, ಯಾರು ಎಷ್ಟು ತಿಂಗಳು ಎಷ್ಟು ದುಡಿದರು, ಒಟ್ಟು. ಜೊತೆಗೆ ಚಾಲ್ತಿಯಲ್ಲಿರುವ ಆದಾಯ ಪ್ರಮಾಣಪತ್ರ, ಅಂಗಡಿಯವರ ಅರೆಕಾಲಿಕ ಪತ್ರ, ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಮಗನ ಖಾತೆಯ ಸ್ಟೇಟ್‌ಮೆಂಟ್, ತೆರಿಗೆಯ ಅನುಮಾನವಿದ್ದರೆ ಸೊನ್ನೆ ತೆರಿಗೆಯ ಆದೇಶ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಮೇತ ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಮನೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ಆಸ್ಪತ್ರೆಯ ಚೀಟಿಯನ್ನೂ ಲಗತ್ತಿಸಿ, ಅರ್ಜಿಯ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.

ಕಾರ್ಡ್ ಎಪಿಎಲ್ ಆದರೂ ಗೃಹಲಕ್ಷ್ಮಿಗೆ ಅರ್ಹತೆ ಉಳಿಯುತ್ತದೆ. ಬದಲಾವಣೆಯ ನಂತರದ ಕಂತು ಬರದಿದ್ದರೆ ಹೊಸ ಕಾರ್ಡಿನ ವಿವರ, ಯಜಮಾನಿಯ ಆಧಾರ್ ಮತ್ತು ಪಾಸ್‌ಬುಕ್ ಹಿಡಿದು ಸಿಡಿಪಿಒ ಕಚೇರಿಗೆ ಹೋಗಿ ಮಾಹಿತಿ ಸರಿಪಡಿಸಿಕೊಳ್ಳಿ.

ಲೆಕ್ಕ ಹಾಕಿದ ಮೇಲೆ ಆದಾಯ ನಿಜವಾಗಿಯೂ ಮಿತಿ ದಾಟಿದ್ದರೆ ಬಚ್ಚಿಡಬೇಡಿ. ತಾನಾಗಿ ತಿಳಿಸಿದ ಕುಟುಂಬ ಎಪಿಎಲ್‌ಗೆ ಬದಲಾಗುತ್ತದೆ. ಇಲಾಖೆಯೇ ಪತ್ತೆ ಮಾಡಿದರೆ ಪಡೆದ ಪಡಿತರದ ಬೆಲೆ ವಸೂಲಿ ಮಾಡುವ ಅಧಿಕಾರ ಅದಕ್ಕಿದೆ. ಮಗ ಕೆಲಸ ಬಿಟ್ಟು ಆದಾಯ ಮತ್ತೆ ಮಿತಿಯೊಳಗೆ ಬಂದರೆ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ, ಆದ್ಯತಾ ಕಾರ್ಡಿಗೆ, ಅಂದರೆ ಬಿಪಿಎಲ್ ಕಾರ್ಡಿಗೆ, ಅರ್ಜಿ ತೆರೆದಾಗ ಗ್ರಾಮ ಒನ್ ಅಥವಾ ಕರ್ನಾಟಕ ಒನ್‌ನಲ್ಲಿ ಹಾಕಬಹುದು. ಅರ್ಜಿ ಕೆಲವು ದಿನ ಮಾತ್ರ ತೆರೆದಿರುತ್ತದೆ. ಕೆಲಸ ಬಿಟ್ಟ ವಾರವೇ ಅಂಗಡಿಯವರಿಂದ ಬಿಟ್ಟ ದಿನಾಂಕವಿರುವ ಪತ್ರ ಬರೆಸಿಕೊಂಡು, ಉಳಿದ ಕಾಗದಗಳ ಜೊತೆ ಒಂದೇ ಫೈಲಿನಲ್ಲಿ ಸಿದ್ಧವಾಗಿಡಿ.